‘ಸಂಬಂಧ’ದ ಮುಂದಿನ ಖಾಲಿ ಜಾಗ: ಕರ್ನಾಟಕ ಕಾನೂನು ಆಯೋಗಕ್ಕೊಂದು ಬಹಿರಂಗ ಪತ್ರ

ಮಾನ್ಯ ಅಧ್ಯಕ್ಷರು ಮತ್ತು ಸದಸ್ಯರು,
ಕರ್ನಾಟಕ ಕಾನೂನು ಆಯೋಗ, ಬೆಂಗಳೂರು – ಇವರಿಗೆ.

ವಿಷಯ: ಮುದ್ರಾಂಕ ಕಾಯ್ದೆಯ ‘ಕುಟುಂಬ’, ವಾರಸಾ ಕಾಯ್ದೆಯ ಎರಡು ಪಟ್ಟಿಗಳು ಹಾಗೂ ಸರ್ಕಾರಿ ನಮೂನೆಗಳ ‘ಸಂಬಂಧ’ ಕಾಲಂ ಕುರಿತು.

ಮಾನ್ಯರೇ,

ನಾನು ವಿರಾಜಪೇಟೆಯಲ್ಲಿ 1994ರಿಂದ ಪತ್ರ ಬರಹಗಾರನಾಗಿದ್ದೇನೆ. ಕ್ರಯಪತ್ರ, ದಾನಪತ್ರ, ವಿಭಾಗಪತ್ರ, ಹಕ್ಕು ಬಿಡುಗಡೆ ಪತ್ರ, ಮರಣಶಾಸನ – ಇವುಗಳನ್ನು ಬರೆದೇ ಮಕ್ಕಳನ್ನು ಓದಿಸಿದವನು. ನಾನು ವಕೀಲನಲ್ಲ, ಕಾನೂನು ಕಾಲೇಜಿನ ಮೆಟ್ಟಿಲು ಹತ್ತಿದವನೂ ಅಲ್ಲ. ಆದರೆ ಬೆಂಗಳೂರಿನಲ್ಲೋ ದೆಹಲಿಯಲ್ಲೋ ಮಾಡಿದ ಕಾನೂನು ಕೊನೆಗೆ ಒಂದು ಮನೆಯೊಳಗೆ ಹೇಗೆ ಬಂದು ಕೂರುತ್ತದೆ ಎಂಬುದನ್ನು ಮೇಜಿನ ಈಚೆ ಕಡೆಯಿಂದ ಬಹಳ ವರ್ಷ ನೋಡಿದ್ದೇನೆ. ಗಂಡು, ಹೆಣ್ಣು, ಸಂಗಾತಿ, ವಾರಸುದಾರ ಎಂದರೆ ಯಾರು ಎಂಬುದನ್ನು ದಂಡ ಸಂಹಿತೆಗಿಂತ ಹೆಚ್ಚಾಗಿ ನಮ್ಮ ಛಾಪಾ ಕಾಗದವೂ ನಾಡಕಚೇರಿಯ ನಮೂನೆಯೂ ತೀರ್ಮಾನಿಸುತ್ತವೆ ಎಂಬುದು ನನ್ನ ಅನುಭವ. ಸಲಿಂಗಿ ಜೊತೆಗಾರರನ್ನೂ ಲಿಂಗತ್ವ ಅಲ್ಪಸಂಖ್ಯಾತರನ್ನೂ ಹೊರಗಿಡುವ ಆ ನಿಯಮಗಳಲ್ಲಿ ಬಹುಪಾಲನ್ನು ಬದಲಿಸುವ ಅಧಿಕಾರ ನಮ್ಮ ರಾಜ್ಯದ ಕೈಯಲ್ಲೇ ಇದೆ ಎಂದು ತಿಳಿಸಲು ಈ ಪತ್ರ ಬರೆಯುತ್ತಿದ್ದೇನೆ.

ಮೊದಲಿಗೆ ನಮ್ಮ ಕಸುಬಿನ ಭಾಷೆಯ ಬಗ್ಗೆ ಒಂದು ಮಾತು. ಪತ್ರದ ಒಡಲಲ್ಲಿ ನಾವು ‘ಬರೆದುಕೊಟ್ಟವರು’, ‘ಬರೆಸಿಕೊಂಡವರು’, ‘ಸದರಿಯವರು’ ಎಂದು ಬರೆಯುತ್ತೇವೆ. ಈ ಪದಗಳಲ್ಲಿ ಗಂಡೂ ಇಲ್ಲ, ಹೆಣ್ಣೂ ಇಲ್ಲ. ಆಸ್ತಿ ಕೊಟ್ಟವರು ಮತ್ತು ತೆಗೆದುಕೊಂಡವರು ಇದ್ದಾರೆ, ಅಷ್ಟೆ. ಲಿಂಗದ ಪ್ರಶ್ನೆ ಏಳುವುದು ಮೊದಲ ಸಾಲಿನಲ್ಲಿ, ಹೆಸರಿನ ಪಕ್ಕದಲ್ಲಿ. ಗಂಡಸಾದರೆ ‘ಬಿನ್’ (ಇಂಥವರ ಮಗ), ಮದುವೆಯಾದ ಹೆಂಗಸಾದರೆ ‘ಕೋಂ’ (ಇಂಥವರ ಹೆಂಡತಿ). ಗಂಡಸು ಸಾಯುವವರೆಗೂ ಇಂಥವರ ಬಿನ್ ಆಗಿಯೇ ಉಳಿಯುತ್ತಾನೆ. ಹೆಂಗಸು ಮದುವೆಯಾದ ದಿನ ಕೋಂ ಆಗಿ ಮತ್ತೊಬ್ಬರ ಹೆಸರಿನ ಪಕ್ಕಕ್ಕೆ ಸರಿಯುತ್ತಾಳೆ. ಈ ಎರಡು ಪುಟ್ಟ ಪದಗಳನ್ನು ಸಾವಿರಾರು ಸಲ ಬರೆದಿರುವ ನನಗೆ ಅವುಗಳಲ್ಲಿ ಏನಾದರೂ ಅಡಗಿದೆ ಎಂದು ಬಹುಕಾಲ ಅನ್ನಿಸಿರಲಿಲ್ಲ.

ಕೆಲವು ವರ್ಷಗಳ ಹಿಂದೆ ಜುಲೈ ತಿಂಗಳ ಮಳೆಯಲ್ಲಿ ಇಬ್ಬರು ಗಂಡಸರು ನನ್ನ ಕಚೇರಿಗೆ ಬಂದರು. ಇಬ್ಬರಿಗೂ ಐವತ್ತು ದಾಟಿತ್ತು. ಒಬ್ಬರಿಗೆ ಎರಡೂವರೆ ಎಕರೆ ಕಾಫಿ ತೋಟವಿತ್ತು. ಅದು ಪಿತ್ರಾರ್ಜಿತವಲ್ಲ, ಕೊಡಗಿನ ವಂಶಪಾರಂಪರ್ಯ ಹಿಡುವಳಿಯಾದ ಜಮ್ಮಾ ಜಮೀನಂತೂ ಅಲ್ಲ, ದುಡಿದು ಕೊಂಡದ್ದು. ಇನ್ನೊಬ್ಬರು ಹಿಂದೆ ಯಾವುದೋ ಎಸ್ಟೇಟಿನಲ್ಲಿ ರೈಟರ್ ಆಗಿದ್ದವರು, ಇಪ್ಪತ್ತು ವರ್ಷಗಳಿಂದ ಅದೇ ಮನೆಯಲ್ಲಿದ್ದರು. ತೋಟದ ಅರ್ಧಭಾಗವನ್ನು ಇವರ ಹೆಸರಿಗೆ ದಾನಪತ್ರ ಮಾಡಬೇಕೆಂದು ಅವರು ಕೇಳಿದರು. ನಾನು ಎಂದಿನಂತೆ ಪಹಣಿ ನೋಡಿ, ಚೆಕ್ಕುಬಂದಿ ಬರೆದುಕೊಂಡು, ಪೆನ್ನು ಎತ್ತದೆಯೇ ಕೇಳಿದೆ: “ಸಂಬಂಧ?” ಇಬ್ಬರೂ ಸುಮ್ಮನಾದರು. ತಗಡಿನ ಮೇಲೆ ಮಳೆ ಬೀಳುವ ಸದ್ದಿನಲ್ಲಿ ನನ್ನ ಮಾತು ಕೇಳಿಸಲಿಲ್ಲವೇನೋ ಎಂದುಕೊಂಡು ಇನ್ನೊಮ್ಮೆ, ಸ್ವಲ್ಪ ಜೋರಾಗಿಯೇ ಕೇಳಿದೆ. ಬಾಗಿಲ ಬಳಿ ಬೇರೆ ಇಬ್ಬರು ಕಕ್ಷಿದಾರರು ಕುಳಿತಿದ್ದರು ಎಂಬುದು ಆಮೇಲೆ ನೆನಪಾಗಿ ನಾಚಿಕೆಯಾಯಿತು. ಕೊನೆಗೆ ತೋಟದವರು, “ಸ್ನೇಹಿತ ಅಂತ ಬರೀರಿ” ಎಂದರು.

ಬರೆಯಬಹುದಿತ್ತು. ಆದರೆ ಲೆಕ್ಕ ಹೇಳುವುದೂ ನನ್ನ ಕೆಲಸವೇ. 1957ರ ಕರ್ನಾಟಕ ಮುದ್ರಾಂಕ ಕಾಯ್ದೆಯ ಪ್ರಕಾರ ಗಂಡ, ಹೆಂಡತಿ, ಮಗ, ಮಗಳು, ಸೊಸೆ ಮುಂತಾದ ‘ಕುಟುಂಬ’ದವರಿಗೆ ದಾನ ಮಾಡಿದರೆ ಮುದ್ರಾಂಕ ಶುಲ್ಕ ಒಂದು ಸಣ್ಣ ನಿಗದಿತ ಮೊತ್ತ. ಹೊರಗಿನವರಿಗಾದರೆ ಕ್ರಯಪತ್ರಕ್ಕೆ ಕಟ್ಟುವಂತೆಯೇ ಮಾರುಕಟ್ಟೆ ಮೌಲ್ಯದ ಮೇಲೆ ಶೇ. 5, ಅದರ ಮೇಲೆ ಸೆಸ್ಸು, ಸರ್‌ಚಾರ್ಜು, ನೋಂದಣಿ ಶುಲ್ಕ. ನಲವತ್ತು ಲಕ್ಷ ಬೆಲೆಯ ಜಮೀನಿಗೆ ಮುದ್ರಾಂಕವೇ ಎರಡು ಲಕ್ಷವಾಗುತ್ತದೆ. ಕರಿಮೆಣಸಿನ ಬಳ್ಳಿಗೆ ರೋಗ ಬಿದ್ದು ಸಾಲದಲ್ಲಿದ್ದ ಅವರ ಬಳಿ ಅಷ್ಟು ಹಣವಿರಲಿಲ್ಲ. ಮರಣಶಾಸನಕ್ಕಾದರೆ ಮುದ್ರಾಂಕವೇ ಬೇಡ, ಇಬ್ಬರು ಸಾಕ್ಷಿಗಳಿದ್ದರೆ ಸಾಕು ಎಂದು ನಾನೇ ಸಲಹೆ ಕೊಟ್ಟೆ. ಬರೆದೆವು, ನೋಂದಾಯಿಸಿದೆವು. ಕೆಳಗೆ ‘ಬಿಕ್ಕಲಂ’ (ಪತ್ರ ಬರೆದವನು) ಎಂದು ಸಹಿ ಹಾಕಿದವನು ನಾನೇ.

ಮೂರು ವರ್ಷಗಳ ನಂತರ ತೋಟದವರಿಗೆ ಮಿದುಳಿನಲ್ಲಿ ರಕ್ತಸ್ರಾವವಾಯಿತು. ಆಸ್ಪತ್ರೆಯಲ್ಲಿ ಶಸ್ತ್ರಚಿಕಿತ್ಸೆಯ ಒಪ್ಪಿಗೆಗೆ ‘ರಕ್ತಸಂಬಂಧಿ’ಯ ಸಹಿ ಕೇಳಿದರು, ಹನ್ನೆರಡು ವರ್ಷಗಳಿಂದ ಮನೆಗೆ ಬಾರದಿದ್ದ ಅಣ್ಣನ ಮಗ ಮೈಸೂರಿನಿಂದ ಬಂದು ಸಹಿ ಹಾಕಬೇಕಾಯಿತು. ನಾಲ್ಕನೆಯ ದಿನ ತೋಟದವರು ತೀರಿಕೊಂಡರು. ರೈಟರ್ ಆಗಿದ್ದವರು ಪೌತಿ ಖಾತೆಗೆ (ಸತ್ತವರ ಜಮೀನಿನ ಖಾತೆಯನ್ನು ತಮ್ಮ ಹೆಸರಿಗೆ ಮಾಡಿಸಿಕೊಳ್ಳಲು) ಅರ್ಜಿ ಹಾಕಿದಾಗ ಅಣ್ಣನ ಮಕ್ಕಳು ತಕರಾರು ಸಲ್ಲಿಸಿದರು, ತಕರಾರಾದ ಮೇಲೆ ವ್ಯಾಜ್ಯ ಸಿವಿಲ್ ನ್ಯಾಯಾಲಯಕ್ಕೆ ಹೋಯಿತು. ಅಲ್ಲಿ ಎದ್ದ ಪ್ರಶ್ನೆ ಇಷ್ಟೇ: ಸಹಜ ವಾರಸುದಾರರನ್ನು ಬಿಟ್ಟು ಒಬ್ಬ ‘ಸ್ನೇಹಿತ’ನಿಗೆ ತೋಟ ಬರೆದುಕೊಟ್ಟದ್ದೇಕೆ? ನಾನು ಬರೆದ ಪದವೇ ಅವರಿಗೆ ಉರುಳಾಯಿತು. ಮರಣಶಾಸನವನ್ನು ಸಾಬೀತುಪಡಿಸುವವರು ಅದರ ಸುತ್ತಲಿನ ಸಂಶಯಾಸ್ಪದ ಸನ್ನಿವೇಶಗಳನ್ನೆಲ್ಲ ನಿವಾರಿಸಬೇಕೆಂದು ಸುಪ್ರೀಂ ಕೋರ್ಟ್ 1958ರಲ್ಲಿ, ನಮ್ಮದೇ ಮೈಸೂರು ಸೀಮೆಯಿಂದ ಹೋದ ವೆಂಕಟಾಚಲ ಅಯ್ಯಂಗಾರ್ ಪ್ರಕರಣದಲ್ಲಿ ಹೇಳಿತ್ತು. ಸಹಜ ವಾರಸುದಾರರನ್ನು ಕೈಬಿಟ್ಟದ್ದೂ ಅಂಥ ಸನ್ನಿವೇಶಗಳಲ್ಲಿ ಒಂದೆಂದು ವಾದಿಸುವುದು ಈಗ ರೂಢಿ. ಗಂಡ ಹೆಂಡತಿಗೆ ಬರೆದುಕೊಟ್ಟಿದ್ದರೆ ಯಾರೂ ಕೇಳದ ವಿವರಣೆಯನ್ನು ಇವರು ಕಟಕಟೆಯಲ್ಲಿ ನಿಂತು ಕೊಡಬೇಕು.

‘ಸಹಜ’ ಎಂಬ ಈ ಪದವನ್ನು ಆಯೋಗವು ದಯವಿಟ್ಟು ಗಮನಿಸಬೇಕು. 1860ರಲ್ಲಿ ರೂಪುಗೊಂಡು 1862ರ ಜನವರಿ 1ರಂದು ಜಾರಿಗೆ ಬಂದ ಭಾರತೀಯ ದಂಡ ಸಂಹಿತೆಯ 377ನೇ ಕಲಂ ‘ಪ್ರಕೃತಿ ನಿಯಮಕ್ಕೆ ವಿರುದ್ಧವಾದ’ ಸಂಭೋಗವನ್ನು ಅಪರಾಧವೆಂದಿತು. ಅದನ್ನು ದೆಹಲಿ ಹೈಕೋರ್ಟ್ 2009ರಲ್ಲಿ ಮೊಟಕುಗೊಳಿಸಿತು, ಸುಪ್ರೀಂ ಕೋರ್ಟ್ 2013ರಲ್ಲಿ ಮತ್ತೆ ಊರ್ಜಿತಗೊಳಿಸಿತು, ಕೊನೆಗೆ 2018ರ ಸೆಪ್ಟೆಂಬರ್ 6ರಂದು ಐವರು ನ್ಯಾಯಮೂರ್ತಿಗಳ ಪೀಠ ವಯಸ್ಕರ ನಡುವಿನ ಸಮ್ಮತಿಯ ಸಂಬಂಧವನ್ನು ಅದರಿಂದ ಹೊರಗಿಟ್ಟಿತು. ದಂಡ ಸಂಹಿತೆಯಿಂದ ಹೊರನಡೆದ ‘ಪ್ರಕೃತಿ’ ಸಿವಿಲ್ ಕೋರ್ಟಿನ ಬಾಗಿಲಿನಿಂದ ‘ಸಹಜ ವಾರಸುದಾರ’ನಾಗಿ ಒಳಗೆ ಬಂದು ಕುಳಿತಿದೆ. ಆ ಇಬ್ಬರನ್ನು ಯಾವ ಪೊಲೀಸರೂ ಎಂದೂ ತಡೆದವರಲ್ಲ. ಅವರ ಸಂಸಾರವನ್ನು ಒಡೆದದ್ದು ಮುದ್ರಾಂಕದ ದರಪಟ್ಟಿ, ಆಸ್ಪತ್ರೆಯ ಒಪ್ಪಿಗೆ ನಮೂನೆ ಮತ್ತು ವಂಶವೃಕ್ಷ.

ಸಲಿಂಗಿಗಳ ಮದುವೆಯ ಕುರಿತು ಸುಪ್ರೀಂ ಕೋರ್ಟ್ ಕೊಟ್ಟ 2023ರ ಅಕ್ಟೋಬರ್ 17ರ ತೀರ್ಪು ಇದೆಯಲ್ಲ ಎಂದು ಯಾರಾದರೂ ಕೇಳಬಹುದು. ಮದುವೆಯಾಗುವುದು ಮೂಲಭೂತ ಹಕ್ಕಲ್ಲವೆಂದು ಐವರು ನ್ಯಾಯಮೂರ್ತಿಗಳೂ, ಒಡನಾಟದ ಕಾನೂನುಬದ್ಧ ಮಾನ್ಯತೆಯನ್ನು ನ್ಯಾಯಾಲಯವೇ ಸೃಷ್ಟಿಸಲಾಗದೆಂದು ಮೂವರೂ ಹೇಳಿದರು. ಮರುಪರಿಶೀಲನಾ ಅರ್ಜಿಗಳೂ 2025ರ ಜನವರಿಯಲ್ಲಿ ತಿರಸ್ಕೃತವಾದವು. ನನಗೆ ಆ ತೀರ್ಪು ಒಪ್ಪಿಗೆಯಾಗಿಲ್ಲ. ಆದರೂ ಅದು ಹೇಳಿದ್ದು ಇದು ಶಾಸಕಾಂಗದ ಕೆಲಸ ಎಂದೇ ಹೊರತು ಮಾಡಬಾರದ ಕೆಲಸ ಎಂದಲ್ಲ. ಸಂಸತ್ತು ಎಂದಾದರೂ ಮದುವೆಯ ಕಾನೂನನ್ನು ತಿದ್ದಲಿ. ಅಲ್ಲಿಯವರೆಗೆ ರಾಜ್ಯ ಕೈಕಟ್ಟಿ ಕೂರಬೇಕಾಗಿಲ್ಲ. ದಾನಪತ್ರದಂಥ ದಸ್ತಾವೇಜುಗಳ ಮುದ್ರಾಂಕ ದರ ಸಂವಿಧಾನದ ಏಳನೇ ಅನುಸೂಚಿಯ ರಾಜ್ಯಪಟ್ಟಿಗೆ ಸೇರಿದ್ದು. ‘ಕುಟುಂಬ’ ಎಂದರೆ ಯಾರು ಎಂಬ ಆ ವಿವರಣೆಯನ್ನು ಬರೆದದ್ದು ವಿಧಾನಮಂಡಲ, ತಿದ್ದಬೇಕಾದದ್ದೂ ಅದೇ.

ನನ್ನ ಮುಖ್ಯ ಕೋರಿಕೆ ಇದು. ಯಾವ ವಯಸ್ಕ ವ್ಯಕ್ತಿಯೂ ತಾನು ಆರಿಸಿಕೊಂಡ ಮತ್ತೊಬ್ಬ ವಯಸ್ಕರನ್ನು ಉಪನೋಂದಣಾಧಿಕಾರಿಯ ಎದುರು ‘ಜೊತೆಗಾರ’ರೆಂದು ಘೋಷಿಸಿ ನೋಂದಾಯಿಸಲು ಅವಕಾಶವಿರಲಿ, ಮುದ್ರಾಂಕ ಕಾಯ್ದೆಯ ಮಟ್ಟಿಗೆ ಆ ಜೊತೆಗಾರರು ‘ಕುಟುಂಬ’ದ ವ್ಯಾಖ್ಯೆಯೊಳಗೆ ಬರಲಿ. ಇದಕ್ಕೆ ಮಾದರಿ ನಮ್ಮ ಕಾನೂನಿನಲ್ಲೇ ಇದೆ. 2017ರ ಮಾನಸಿಕ ಆರೋಗ್ಯ ಪಾಲನಾ ಕಾಯ್ದೆಯ 14ನೇ ಕಲಂ ಪ್ರಕಾರ ಅಪ್ರಾಪ್ತರಲ್ಲದ ಯಾರು ಬೇಕಾದರೂ ಬಿಳಿ ಹಾಳೆಯ ಮೇಲೆ ಬರೆದು, ಸಹಿಯನ್ನೋ ಹೆಬ್ಬೆಟ್ಟನ್ನೋ ಒತ್ತಿ ತನ್ನ ಪ್ರತಿನಿಧಿಯನ್ನು ನೇಮಿಸಿಕೊಳ್ಳಬಹುದು; ಆ ಪ್ರತಿನಿಧಿ ಬಂಧುವೇ ಆಗಿರಬೇಕೆಂಬ ಷರತ್ತಿಲ್ಲ. ಮನಸ್ಸಿನ ಕಾಯಿಲೆಗೆ ಆಸ್ಪತ್ರೆ ಸೇರಿದಾಗ ನಂಬುವ ಸಹಿಯನ್ನು ಮಿದುಳಿನ ರಕ್ತಸ್ರಾವಕ್ಕೆ ಸೇರಿದಾಗ ನಂಬದಿರುವುದಕ್ಕೆ ನನಗಂತೂ ಕಾರಣ ಕಾಣುವುದಿಲ್ಲ.

ಇದಕ್ಕೆ ಬರುವ ಆಕ್ಷೇಪವೂ ನನಗೆ ಗೊತ್ತು, ಅದು ಸಂಸ್ಕೃತಿಯದಲ್ಲ, ಖಜಾನೆಯದು: ಮುದ್ರಾಂಕ ತಪ್ಪಿಸಲು ಕಂಡಕಂಡವರೆಲ್ಲ ಜೊತೆಗಾರರಾಗಿಬಿಡುತ್ತಾರೆ. ಮುದ್ರಾಂಕ ಉಳಿಸಲು ಜನ ಏನೇನು ಮಾಡುತ್ತಾರೆಂದು ನನಗಿಂತ ಚೆನ್ನಾಗಿ ಬಲ್ಲವರು ಕಡಿಮೆ. ಕ್ರಯವನ್ನೇ ದಾನವೆಂದು ತೋರಿಸಲು ಇಲ್ಲದ ಅಣ್ಣತಮ್ಮಂದಿರನ್ನು ಹುಟ್ಟಿಸಿಕೊಂಡು ಬಂದವರನ್ನು ವಾಪಸು ಕಳಿಸಿದ್ದೇನೆ. ಆದುದರಿಂದ ಘೋಷಣೆಗೂ ದಾನಕ್ಕೂ ನಡುವೆ ಕನಿಷ್ಠ ಮೂರು ವರ್ಷಗಳ ಅಂತರವಿರಲಿ, ಒಬ್ಬರಿಗೆ ಒಂದು ಕಾಲದಲ್ಲಿ ಒಬ್ಬರೇ ಜೊತೆಗಾರರಿರಲಿ, ಒಂದೇ ವಿಳಾಸದ ಪಡಿತರ ಚೀಟಿಯೋ ಜಂಟಿ ಬ್ಯಾಂಕ್ ಖಾತೆಯೋ ಪುರಾವೆಯಾಗಿರಲಿ, ಸುಳ್ಳು ಘೋಷಣೆಗೆ ತಪ್ಪಿಸಿಕೊಂಡ ಮುದ್ರಾಂಕದ ಹಲವು ಪಟ್ಟು ದಂಡವಿರಲಿ. ಈ ಪುರಾವೆಗಳೇನೂ ಕಲ್ಪನೆಯವಲ್ಲ: ಸಲಿಂಗಿ ಜೊತೆಗಾರರನ್ನು ಪಡಿತರ ಚೀಟಿಗಾಗಿ ಒಂದೇ ಮನೆಯವರೆಂದು ಪರಿಗಣಿಸಬೇಕೆಂದೂ, ಅವರು ಜಂಟಿ ಖಾತೆ ತೆರೆಯಲು, ಒಬ್ಬರನ್ನೊಬ್ಬರು ನಾಮಿನಿ ಮಾಡಲು ಅಡ್ಡಿಯಿಲ್ಲವೆಂದೂ ಕೇಂದ್ರ ಸರ್ಕಾರವೇ 2024ರಲ್ಲಿ ತಿಳಿಸಿದೆ. ಹತ್ತಿರದ ಬಂಧುಗಳಿಲ್ಲದಾಗ ಜೊತೆಗಾರರು ಶವವನ್ನು ಪಡೆಯಬಹುದೆಂದು ಆರೋಗ್ಯ ಇಲಾಖೆ ರಾಜ್ಯಗಳಿಗೆ ಬರೆದಿದೆ. ಇಷ್ಟು ದೊರೆತದ್ದು ಒಳ್ಳೆಯದೇ. ಆದರೆ ಹೆಣ ಕೊಡಬಹುದಾದವರಿಗೆ ಗಿಡ ಕೊಡಬಾರದೆಂಬ ಸ್ಥಿತಿ ಹಾಗೆಯೇ ಉಳಿದಿದೆ.

ಈ ಘೋಷಣೆಯಲ್ಲಿ ‘ನಿಮ್ಮಿಬ್ಬರ ನಡುವಿನ ಸಂಬಂಧವೇನು’ ಎಂದು ಕೇಳುವ ಕಾಲಂ ಇರಕೂಡದು ಎಂಬುದು ನನ್ನ ಒತ್ತಾಯ. ಪ್ರೀತಿಸಿ ಕೂಡಿ ಬಾಳುವ ಇಬ್ಬರು ಹೆಂಗಸರಿಗೂ, ತೋಟದ ಕೆಲಸಗಾರರ ಲೈನ್ ಮನೆಯಲ್ಲಿ ಒಂದೇ ಒಲೆಯಲ್ಲಿ ಬೇಯಿಸಿಕೊಂಡು ಮುದುಕಿಯರಾದ ಇಬ್ಬರು ವಿಧವೆಯರಿಗೂ ಅದು ಒಂದೇ ಬಗೆಯಲ್ಲಿ ಒದಗಬೇಕು. ಕುಟುಂಬ ಎಂದರೆ ತಂದೆ, ತಾಯಿ, ಮಕ್ಕಳು ಮಾತ್ರ ಎಂಬ ಊಹೆ ಸಲ್ಲದೆಂದೂ, ಮದುವೆಯಾಚೆಗಿನ ಒಡನಾಟವೂ ಸಲಿಂಗಿಗಳ ಸಂಸಾರವೂ ಕುಟುಂಬದ ರೂಪಗಳೆಂದೂ ಸುಪ್ರೀಂ ಕೋರ್ಟ್ 2022ರ ದೀಪಿಕಾ ಸಿಂಗ್ ಪ್ರಕರಣದಲ್ಲಿ ಹೇಳಿದೆ.

ಎರಡನೆಯ ವಿಷಯ ಹೆಚ್ಚು ತೊಡಕಿನದು. ಮೂರು ಸೆಂಟು ಜಾಗ ಕೊಳ್ಳಲು ಬಂದಿದ್ದ ಲಿಂಗತ್ವ ಅಲ್ಪಸಂಖ್ಯಾತ ಮಹಿಳೆಯೊಬ್ಬರು ನನ್ನ ಮುಂದೆ ಕುಳಿತಿದ್ದಾಗ ‘ಬಿನ್’ ಎಂದು ಬರೆಯಲು ಕೈ ಬರಲಿಲ್ಲ, ‘ಕೋಂ’ ಎನ್ನಲು ಮದುವೆಯಾಗಿರಲಿಲ್ಲ. ನನ್ನ ಕಷ್ಟ ಅರ್ಥಮಾಡಿಕೊಂಡವರಂತೆ ಅವರೇ, “ನಮ್ಮ ಅವ್ವನ ಹೆಸರು ಹಾಕಿ ಅಣ್ಣಾ, ಮಗಳು ಅಂತ ಬರೀರಿ, ಅವಳೊಬ್ಬಳೇ ನನ್ನ ಒಪ್ಪಿಕೊಂಡಿದ್ದವಳು” ಎಂದರು. ಹಾಗೆಯೇ ಬರೆದೆ. ಅವರು ಹೋದ ಮೇಲೆ ಒಂದು ಪ್ರಶ್ನೆ ಕಾಡಿತು: ಮರಣಶಾಸನ ಮಾಡದೆ ಈಕೆ ತೀರಿಕೊಂಡರೆ ಆ ಮೂರು ಸೆಂಟು ಯಾರಿಗೆ? 1956ರ ಹಿಂದೂ ವಾರಸಾ ಕಾಯ್ದೆಯಲ್ಲಿ ಸತ್ತವರಿಗೆ ಎರಡೇ ಪಟ್ಟಿಗಳಿವೆ. ಗಂಡಸಿನದು 8ನೇ ಕಲಂ, ಹೆಂಗಸಿನದು 15ನೇ ಕಲಂ. ಎರಡರಲ್ಲೂ ವಾರಸುದಾರರ ಸರದಿ ಬೇರೆ. ವ್ಯಕ್ತಿಯು ತನ್ನ ಲಿಂಗತ್ವವನ್ನು ತಾನೇ ನಿರ್ಧರಿಸಿಕೊಳ್ಳುವ ಹಕ್ಕನ್ನು ಸುಪ್ರೀಂ ಕೋರ್ಟ್ 2014ರ ಏಪ್ರಿಲ್ 15ರಂದು ನಾಲ್ಸಾ (ರಾಷ್ಟ್ರೀಯ ಕಾನೂನು ಸೇವಾ ಪ್ರಾಧಿಕಾರ) ತೀರ್ಪಿನಲ್ಲಿ ಎತ್ತಿಹಿಡಿಯಿತು; ಆದರೆ ಮೂರನೆಯ ಲಿಂಗವೆಂದು ಗುರುತಿಸಿಕೊಂಡವರು ಸತ್ತರೆ ಯಾವ ಪಟ್ಟಿ ಹಿಡಿಯಬೇಕೆಂದು ವಾರಸಾ ಕಾಯ್ದೆ ಹೇಳುವುದಿಲ್ಲ.

ಇಲ್ಲಿ ಮೂರನೆಯ ಪಟ್ಟಿಯೊಂದನ್ನು ಅಂಟಿಸುವುದು ಪರಿಹಾರವೆಂದು ನನಗನ್ನಿಸುವುದಿಲ್ಲ, ಏಕೆಂದರೆ ಇರುವ ಎರಡನೆಯ ಪಟ್ಟಿಯೇ ಅನ್ಯಾಯದ್ದು. ಮಕ್ಕಳಿಲ್ಲದ ವಿಧವೆ ತನ್ನ ಸಂಬಳದಲ್ಲಿ ಕೊಂಡ ಸೈಟು, ಆಕೆ ಮರಣಶಾಸನ ಮಾಡದಿದ್ದರೆ, 15ನೇ ಕಲಂ ಪ್ರಕಾರ ಮೊದಲು ಹೋಗುವುದು ಗಂಡನ ವಾರಸುದಾರರಿಗೆ. ಆಕೆಯ ಸ್ವಂತ ತಾಯಿತಂದೆಯರ ಸರದಿ ಆಮೇಲೆ. ನಾನು ‘ಕೋಂ’ ಎಂದು ಬರೆದದ್ದರ ಬಾಲ ಅಲ್ಲಿಯವರೆಗೂ ಚಾಚಿಕೊಂಡಿದೆ. ಗಂಡು ಹೆಣ್ಣೆನ್ನದೆ ಎಲ್ಲರಿಗೂ ಒಂದೇ ಪಟ್ಟಿ ಮಾಡಿದರೆ ವಿಧವೆಯ ಸೈಟಿನ ಸಮಸ್ಯೆಯೂ ಆ ಮೂರು ಸೆಂಟಿನ ಸಮಸ್ಯೆಯೂ ಒಟ್ಟಿಗೆ ಬಗೆಹರಿಯುತ್ತವೆ.

ವಾರಸೆ ಕೇಂದ್ರದ ಕಾಯ್ದೆ, ರಾಜ್ಯವೇನು ಮಾಡೀತು ಎಂಬ ಮಾತನ್ನು ನಾನು ಒಪ್ಪುವುದಿಲ್ಲ. ವಾರಸೆ ಸಮವರ್ತಿ ಪಟ್ಟಿಯ, ಅಂದರೆ ಕೇಂದ್ರವೂ ರಾಜ್ಯವೂ ಕಾನೂನು ಮಾಡಬಹುದಾದ ವಿಷಯ. ನಾನು ಈ ಕಸುಬಿಗೆ ಇಳಿದ ವರ್ಷವೇ, 1994ರ ಜುಲೈ 30ರಂದು, ಕರ್ನಾಟಕದ ತಿದ್ದುಪಡಿ ಜಾರಿಗೆ ಬಂದು ಹೆಣ್ಣುಮಕ್ಕಳು ಪಿತ್ರಾರ್ಜಿತ ಆಸ್ತಿಯಲ್ಲಿ ಹುಟ್ಟಿನಿಂದಲೇ ಸಹಭಾಗಿಗಳಾದರು. ಕೇಂದ್ರ ಅದನ್ನು ದೇಶಕ್ಕೆಲ್ಲ ವಿಸ್ತರಿಸಿದ್ದು ಹನ್ನೊಂದು ವರ್ಷಗಳ ನಂತರ, 2005ರಲ್ಲಿ. ಆ ತಿದ್ದುಪಡಿಗೂ ಒಂದು ಕುಂದಿತ್ತು: ಅದು ಜಾರಿಗೆ ಬರುವ ಮೊದಲೇ ಮದುವೆಯಾಗಿದ್ದ ಹೆಣ್ಣುಮಕ್ಕಳಿಗೆ ಪಾಲಿಲ್ಲ ಎಂದಿತ್ತು. ಒಂದೇ ಮನೆಯ ಅಕ್ಕನಿಗೆ ಇಲ್ಲ, ತಂಗಿಗೆ ಉಂಟು ಎಂದು ನಾನು ವಿವರಿಸಿ ಹೇಳಬೇಕಾದ ಸಂಜೆಗಳು ಎಷ್ಟೋ. ಆದರೂ ರಾಜ್ಯ ಮೊದಲು ಹೆಜ್ಜೆಯಿಟ್ಟಿತು ಎಂಬುದು ಸುಳ್ಳಲ್ಲ. 2021ರ ಜುಲೈನಲ್ಲಿ ಲಿಂಗತ್ವ ಅಲ್ಪಸಂಖ್ಯಾತರಿಗೆ ಸರ್ಕಾರಿ ನೇಮಕಾತಿಯಲ್ಲಿ ಶೇ. 1ರ ಸಮತಲ ಮೀಸಲಾತಿ ಕೊಟ್ಟು ದೇಶದಲ್ಲೇ ಮೊದಲೆನಿಸಿಕೊಂಡದ್ದೂ ನಮ್ಮ ರಾಜ್ಯವೇ.

ಅದೇ ರಾಜ್ಯ 2011ರಲ್ಲಿ ಕರ್ನಾಟಕ ಪೊಲೀಸ್ ಕಾಯ್ದೆಗೆ 36ಎ ಕಲಂ ಸೇರಿಸಿ, ಹಿಜಡಾಗಳ ಹೆಸರು ಮತ್ತು ವಾಸಸ್ಥಳಗಳ ದಾಖಲೆ ಪುಸ್ತಕ ಇಡುವ ಅಧಿಕಾರವನ್ನು ಪೊಲೀಸ್ ಕಮಿಷನರಿಗೆ ಕೊಟ್ಟಿತ್ತು ಎಂಬುದನ್ನೂ ಮರೆಯಬಾರದು. ಕಮಿಷನರೇಟ್ ಇಲ್ಲದ ಕೊಡಗಿನಲ್ಲಿ ಅದರ ಬಿಸಿ ತಟ್ಟಲಿಲ್ಲ. ಹೈಕೋರ್ಟಿನಲ್ಲಿ ಪ್ರಶ್ನಿಸಿದ ಮೇಲೆ ಆ ಪದ ತೆಗೆದು ‘ವ್ಯಕ್ತಿಗಳು’ ಎಂದು ಹಾಕಿದರು. ಆ ಕಲಂನ ಮೂಲಮಾದರಿ 1871ರ ಬ್ರಿಟಿಷ್ ಕ್ರಿಮಿನಲ್ ಟ್ರೈಬ್ಸ್ ಕಾಯ್ದೆಯ ಎರಡನೇ ಭಾಗ. ಉತ್ತರದ ಕೆಲವು ಪ್ರಾಂತ್ಯಗಳಿಗೆಂದು ಮಾಡಿದ್ದ ಆ ಕಾಯ್ದೆಯನ್ನು ಓದಿದಾಗ ಪತ್ರ ಬರಹಗಾರನಾದ ನನ್ನ ಕಣ್ಣು ನಿಂತದ್ದು ಒಂದು ಕಡೆ: ಹಾಗೆ ನೋಂದಾಯಿಸಲ್ಪಟ್ಟವರು ಯಾರಿಗೂ ದಾನ ಕೊಡುವಂತಿರಲಿಲ್ಲ, ಮರಣಶಾಸನ ಬರೆಯುವಂತಿರಲಿಲ್ಲ, ದತ್ತು ಸ್ವೀಕರಿಸುವಂತಿರಲಿಲ್ಲ, ಅಪ್ರಾಪ್ತರಿಗೆ ಪೋಷಕರಾಗುವಂತಿರಲಿಲ್ಲ. ಜನರನ್ನು ಬೇರಿಲ್ಲದವರನ್ನಾಗಿ ಮಾಡಲು ಯಾವ ಪತ್ರಗಳನ್ನು ಕಸಿದುಕೊಳ್ಳಬೇಕೆಂದು ಆ ಕಾಯ್ದೆ ಬರೆದವರಿಗೆ ಚೆನ್ನಾಗಿ ಗೊತ್ತಿತ್ತು.

ನಮ್ಮ ಜಿಲ್ಲೆಯ ಹಿರಿಯರು ‘ಇದೆಲ್ಲ ಪದ್ಧತಿಗೆ ವಿರುದ್ಧ’ ಎನ್ನುವುದನ್ನೂ ಕೇಳಿದ್ದೇನೆ. ನಾನು ಕೊಡವನಲ್ಲ, ಆದರೆ ಕೊಡವ ಕಕ್ಷಿದಾರರ ಮನೆಗಳ ಮಂಗಲಗಳಿಗೆ (ಮದುವೆಗಳಿಗೆ) ಹೋಗಿ ಕುಳಿತವನು. ಅಲ್ಲಿ ಪುರೋಹಿತರಿಲ್ಲ, ಎರಡೂ ಒಕ್ಕಗಳ (ಮನೆತನಗಳ) ಪರವಾಗಿ ಮಾತಾಡುವ ಅರುವರು ನಿಂತು, ಹುಡುಗಿಗೆ ಹೊಸ ಮನೆಯಲ್ಲಿ ಏನೇನು ಹಕ್ಕುಗಳಿವೆ ಎಂದು ಬಾಯಿಬಿಟ್ಟು ಹೇಳಿ, ಅದರ ಗುರುತಿಗೆ ಕಲ್ಲಿನ ಹರಳುಗಳನ್ನು ಕೊಟ್ಟು ತೆಗೆದುಕೊಳ್ಳುತ್ತಾರೆ. ನನ್ನ ಕಣ್ಣಿಗೆ ಅದು ಕಾಗದವಿಲ್ಲದ ಕರಾರುಪತ್ರ. ಗಂಡುಮಕ್ಕಳಿಲ್ಲದ ಒಕ್ಕ ನಂದಿಹೋಗಬಾರದೆಂದು ಮಗಳಿಗೆ ಮಕ್ಕಪರಿಜೆ ಮದುವೆ ಮಾಡಿ, ಹುಟ್ಟಿದ ಮಕ್ಕಳಿಗೆ ತಾಯಿಯ ಒಕ್ಕದ ಹೆಸರನ್ನೇ ಕೊಡುವ ಕ್ರಮವೂ ಇಲ್ಲಿಯದೇ. ಇದನ್ನು ಸ್ತ್ರೀಸ್ವಾತಂತ್ರ್ಯವೆಂದು ಹೊಗಳಲಾರೆ, ಅದರ ಉದ್ದೇಶ ಒಕ್ಕದ ಹೆಸರನ್ನೂ ಭೂಮಿಯನ್ನೂ ಉಳಿಸಿಕೊಳ್ಳುವುದೇ ಆಗಿತ್ತು. ಆದರೆ ಅಗತ್ಯ ಬಿದ್ದಾಗ ಯಾರು ಯಾರ ಮನೆಯವರು ಎಂಬ ನಿಯಮವನ್ನು ಈ ನಾಡು ತಾನೇ ತಿದ್ದಿಕೊಂಡಿದೆ, ತಿದ್ದಿಕೊಂಡು ಸಾಕ್ಷಿಗಳ ಮುಂದೆ ಘೋಷಿಸಿದೆ.

ತಮ್ಮ ಆಯೋಗಕ್ಕೇ ಈ ಪತ್ರ ಬರೆಯಲು ಒಂದು ನೇರ ಕಾರಣವಿದೆ. 2024ರ ಡಿಸೆಂಬರ್‌ನಲ್ಲಿ ರಾಜ್ಯ ಹೈಕೋರ್ಟ್, ಲಿಂಗತ್ವ ಬದಲಾಯಿಸಿಕೊಂಡವರ ಜನನ ಪ್ರಮಾಣಪತ್ರದಲ್ಲಿ ಹೊಸ ಹೆಸರು ಮತ್ತು ಲಿಂಗವನ್ನು ನಮೂದಿಸಿಕೊಡಬೇಕೆಂದು ಆದೇಶಿಸಿ, 1969ರ ಜನನ ಮರಣ ನೋಂದಣಿ ಕಾಯ್ದೆಗೆ ಬೇಕಾದ ತಿದ್ದುಪಡಿಗಳನ್ನು ಪರಿಶೀಲಿಸುವಂತೆ ತಮ್ಮ ಆಯೋಗವನ್ನು ಕೋರಿದೆ. ಆ ಪರಿಶೀಲನೆ ಜನನ ಪ್ರಮಾಣಪತ್ರಕ್ಕೆ ನಿಲ್ಲದಿರಲಿ. ವಂಶವೃಕ್ಷದ ನಮೂನೆ, ಪೌತಿ ಖಾತೆಯ ಅರ್ಜಿ, ಆಸ್ಪತ್ರೆಗಳ ಒಪ್ಪಿಗೆ ಪತ್ರ, ಮುದ್ರಾಂಕ ಕಾಯ್ದೆಯ ಅನುಸೂಚಿ – ಇವನ್ನೂ ಅದೇ ಮೇಜಿನ ಮೇಲೆ ಇಟ್ಟುಕೊಳ್ಳಬೇಕೆಂದು ಪ್ರಾರ್ಥನೆ. ದಂಡ ಕಾನೂನಿನ ಕುರಿತು ಒಂದೇ ಮಾತು: 2024ರ ಜುಲೈ 1ರಂದು ದಂಡ ಸಂಹಿತೆಯ ಬದಲಿಗೆ ಬಂದ ಭಾರತೀಯ ನ್ಯಾಯ ಸಂಹಿತೆ 377ನೇ ಕಲಂ ಅನ್ನು ಪೂರ್ತಿಯಾಗಿ ಕೈಬಿಟ್ಟಿದ್ದರಿಂದ, ಸಮ್ಮತಿಯಿಲ್ಲದೆ ವಯಸ್ಕ ಗಂಡಸಿನ ಮೇಲೆ ನಡೆಯುವ ಅತ್ಯಾಚಾರಕ್ಕೆ ಆ ಸಂಹಿತೆಯಲ್ಲಿ ನೇರವಾಗಿ ಅನ್ವಯಿಸುವ ಕಲಂ ಇಲ್ಲದಂತಾಗಿದೆ. ಅದನ್ನು ನನಗಿಂತ ತಿಳಿದವರು ತಮಗೆ ವಿವರಿಸಿಯಾರು.

ಜೊತೆಗಾರ ಘೋಷಣಾ ಪತ್ರದ ಒಂದು ಕರಡನ್ನು ನನ್ನ ಅಲ್ಪ ತಿಳಿವಳಿಕೆಯಂತೆ ಬರೆದು ಈ ಪತ್ರದೊಂದಿಗೆ ಲಗತ್ತಿಸಿದ್ದೇನೆ, ಒಂದೂವರೆ ಪುಟ. ಅದರಲ್ಲಿ ‘ಬಿನ್’, ‘ಕೋಂ’ ಎರಡೂ ಇಲ್ಲ. ‘ಬರೆದುಕೊಟ್ಟವರು’ ಮತ್ತು ‘ಬರೆಸಿಕೊಂಡವರು’ ಮಾತ್ರ ಇದ್ದಾರೆ. ತಾವು ಕರೆದರೆ ಬೆಂಗಳೂರಿಗೆ ಬಂದು ವಿವರಿಸಲು ಸಿದ್ಧನಿದ್ದೇನೆ. ಆ ಮರಣಶಾಸನದ ಮೊಕದ್ದಮೆಯಲ್ಲಿ ಬರಹಗಾರನಾಗಿ ನನಗೂ ಸಾಕ್ಷಿ ಸಮನ್ಸ್ ಬಂದಿದೆ. ‘ಸ್ನೇಹಿತ’ ಎಂದು ಏಕೆ ಬರೆದಿರಿ ಎಂದು ಎದುರು ವಕೀಲರು ಖಂಡಿತ ಕೇಳುತ್ತಾರೆ. ಬೇರೆ ಪದ ಬರೆಯಲು ಕಾನೂನು ನನಗೆ ಜಾಗ ಕೊಟ್ಟಿರಲಿಲ್ಲ ಎಂದೇ ಹೇಳಬೇಕೆಂದಿದ್ದೇನೆ.

ಇಂತಿ ತಮ್ಮ ವಿಶ್ವಾಸಿ,
ಒಬ್ಬ ಪತ್ರ ಬರಹಗಾರ,
ವಿರಾಜಪೇಟೆ, ಕೊಡಗು ಜಿಲ್ಲೆ